ಮುಂದಿನ ಕೇಬಲ್ ಬ್ರೇಕ್ ಒಂದು ಕಡೆ ಎಳೆದರೆ ಕೇಬಲ್ ಮುಟ್ಟುವುದು ಕೊನೆಗೆ

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ 1934ರ ಆಸ್ಟಿನ್ ಸೆವೆನ್ ಕಾರು ಇದೆ. ಎರಡು ವರ್ಷದಿಂದ ಮತ್ತೆ ಓಡಿಸುತ್ತಿದ್ದೇವೆ. ಬ್ರೇಕ್ ತುಳಿದರೆ ಕಾರು ಎಡಕ್ಕೆ ಎಳೆಯುತ್ತದೆ. ಬಲಗಡೆ ಹಿಡಿಯುತ್ತಿಲ್ಲವೆಂದು ಬಲ ಕೇಬಲನ್ನು ಎರಡು ಸಲ ಬಿಗಿ ಮಾಡಿಸಿದೆವು. ಈಗ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲ ಡ್ರಮ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆದರೂ ಎಳೆಯುವುದು ಎಡಕ್ಕೇ. ಮಳೆಗಾಲ ಕಳೆದು ಶೆಡ್ಡಿನಿಂದ ಹೊರತೆಗೆದಾಗ ಇದು ಇನ್ನೂ ಜಾಸ್ತಿ. ಇಳಿಜಾರಿನಲ್ಲಿ ಪೆಡಲ್ ತೀರಾ ಕೆಳಗೆ ಹೋಗುತ್ತದೆ. ಒಮ್ಮೆ ಆಗುಂಬೆ ಘಾಟಿ ಇಳಿಸಬೇಕೆಂಬ ಆಸೆಯಿದೆ. ಮುಂದಿನ ಬ್ರೇಕನ್ನು ಸರಿಯಾಗಿ ಅಡ್ಜಸ್ಟ್ ಮಾಡುವುದು ಹೇಗೆ?
(ತೀರ್ಥಹಳ್ಳಿ ಕಡೆಯ ಓದುಗರೊಬ್ಬರು)

ಉತ್ತರ: ಬಲ ಡ್ರಮ್ ಬಿಸಿಯಾಗುತ್ತಿದೆ ಅಂದರೆ ಬ್ರೇಕ್ ತುಳಿಯದಿದ್ದಾಗಲೂ ಅಲ್ಲಿ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ತುಂಡು) ಉಜ್ಜುತ್ತಿದೆ. ಅಷ್ಟು ಹತ್ತಿರ ಕೂತಿರುವ ಶೂ, ಬ್ರೇಕ್ ತುಳಿದಾಗ ಎಡದಷ್ಟು ಹಿಡಿಯುತ್ತಿಲ್ಲ ಅಂದರೆ ಕೊರತೆ ಕೇಬಲ್ಲಿನ ಎಳೆತದಲ್ಲಿಲ್ಲ, ಲೈನಿಂಗಿನ (ಶೂ ಮೇಲೆ ಕೂರಿಸಿದ, ಡ್ರಮ್ಮಿಗೆ ತಾಗುವ ಪದರದ) ಹಿಡಿತದಲ್ಲಿದೆ. ಬಲಗಡೆ ಲೈನಿಂಗಿಗೆ ಗ್ರೀಸ್ ತಗುಲಿರಬೇಕು, ಇಲ್ಲವೇ ಶೂಗಳನ್ನು ಹೊರಕ್ಕೆ ತಳ್ಳುವ ಕ್ಯಾಮ್ ತುಕ್ಕು ಹಿಡಿದು ಬಿಗಿದಿರಬೇಕು. ಕೇಬಲ್ ಬಿಗಿ ಮಾಡಿದ ಮೇಲೆ ಶೂ ಸದಾ ಉಜ್ಜಿ, ಕಾದು, ಲೈನಿಂಗಿನ ಮೈ ಗಾಜಿನ ಹಾಗೆ ಹೊಳಪಾಗಿರುತ್ತದೆ. ಹೊಳಪು ಬಂದ ಲೈನಿಂಗ್ ಇನ್ನೂ ಕಡಿಮೆ ಹಿಡಿಯುತ್ತದೆ. ಆಗ ಮತ್ತೆ ಕೇಬಲ್ ಬಿಗಿ ಮಾಡುತ್ತಾರೆ. ನಿಮ್ಮ ಕಾರಿನಲ್ಲಿ ಈ ಸುತ್ತು ಈಗಾಗಲೇ ಎರಡು ಬಾರಿ ಆಗಿದೆ. ಮೂರನೆಯದು ಬೇಡ. ಬಲ ಕೇಬಲನ್ನು ಈಗಲೇ ಸಡಿಲಿಸಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುವಂತೆ ಮಾಡಿ. ಕೆಳಗಿನ ಕೆಲಸ ಮುಗಿಯುವವರೆಗೆ ಕಾರನ್ನು ರಸ್ತೆಗೆ ತರಬೇಡಿ.

ಕೇಬಲ್ ಬ್ರೇಕಿನಲ್ಲಿ ಅಳತೆಗಳು ಹೇಗೆ ಹಿಗ್ಗುತ್ತವೆ ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ. ನಿಮ್ಮ ಕಾರಿನ ಡ್ರಮ್ ಸುಮಾರು 7 ಇಂಚು, ಅಂದರೆ 178 ಮಿ.ಮೀ. ವ್ಯಾಸದ್ದು. ಒಳಗೆ ಎರಡು ಶೂ. ಒಂದು ತುದಿಯಲ್ಲಿ ಪಿನ್ನಿನ ಮೇಲೆ ತಿರುಗುತ್ತವೆ, ಇನ್ನೊಂದು ತುದಿಯಲ್ಲಿ ಅವುಗಳ ನಡುವೆ ಕ್ಯಾಮ್ ಕೂತಿದೆ. ಕ್ಯಾಮಿನ ಲಿವರನ್ನು ಕೇಬಲ್ ಎಳೆಯುತ್ತದೆ. ಲಿವರ್ 100 ಮಿ.ಮೀ. ಉದ್ದ, ಕ್ಯಾಮಿನ ಮಧ್ಯದಿಂದ ಶೂ ತಾಗುವ ಜಾಗಕ್ಕೆ 8 ಮಿ.ಮೀ. ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ (ನಿಮ್ಮದನ್ನು ಅಳೆದು ನೋಡಿ). ಶೂವಿನ ತುದಿ 1 ಮಿ.ಮೀ. ಸರಿಯಬೇಕಾದರೆ ಕೇಬಲ್ 12 ಮಿ.ಮೀ.ಗೂ ಹೆಚ್ಚು ಬರಬೇಕು. ಶೂ ಒಂದು ತುದಿಯಲ್ಲಿ ಪಿನ್ನಿಗೆ ಸಿಕ್ಕಿಕೊಂಡಿರುವುದರಿಂದ ಅದರ ನಡುಭಾಗ ಅರ್ಧ ಮಿ.ಮೀ. ಸರಿಯಲು ತುದಿ ಒಂದು ಮಿ.ಮೀ. ಸರಿಯಬೇಕು. ಹಾಗಾಗಿ ಲೈನಿಂಗ್ ಬರೀ ಅರ್ಧ ಮಿ.ಮೀ. ಸವೆದರೂ ಕೇಬಲ್ಲಿನಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಸಡಿಲ ಕಾಣಿಸುತ್ತದೆ. ಪೆಡಲಿನಿಂದ ಕ್ಯಾಮ್‌ವರೆಗೆ ಐದು ಪಿನ್ನುಗಳಿದ್ದು ಒಂದೊಂದರಲ್ಲೂ ಅರ್ಧ ಮಿ.ಮೀ. ಆಟವಿದ್ದರೆ ಎರಡೂವರೆ ಮಿ.ಮೀ. ಅಲ್ಲೇ ಹೋಯಿತು. ಈ ಎಲ್ಲ ನಷ್ಟವನ್ನೂ ಕೇಬಲ್ ನಟ್ ತಿರುಗಿಸಿ ತುಂಬಬಹುದು, ತುಂಬಿದ ಕ್ಷಣಕ್ಕೆ ಪೆಡಲ್ ಮೇಲೆ ಬಂದು ನಿಲ್ಲುತ್ತದೆ ಕೂಡ. ಅದಕ್ಕೇ ಎಲ್ಲರೂ ಮೊದಲು ಅಲ್ಲಿಗೇ ಸ್ಪ್ಯಾನರ್ ಹಾಕುತ್ತಾರೆ.

ಕಾರಿನ ಕೆಳಗೆ ಮಲಗಿ ಮೊದಲು ನೋಡಬೇಕಾದ್ದು ನಿಮ್ಮ ಮುಂದಿನ ಕೇಬಲ್ ಯಾವ ಬಗೆಯದು ಎಂದು. ಹಳೆಯ ಕಾರುಗಳಲ್ಲಿ ಎರಡು ಬಗೆ ಕಾಣುತ್ತವೆ, ನಡುವೆ ಯಾರೋ ಬದಲಾಯಿಸಿರುವುದೂ ಉಂಟು. ಒಂದರಲ್ಲಿ ಎರಡೂ ಚಕ್ರಕ್ಕೆ ಒಂದೇ ಕೇಬಲ್, ನಡುವೆ ರಾಟೆ ಅಥವಾ ತೂಗಾಡುವ ತುಂಡು. ಬಾವಿ ರಾಟೆಯಲ್ಲಿ ಹಗ್ಗ ಸರಿಯುವ ಹಾಗೆ ಕೇಬಲ್ ಇತ್ತಿಂದತ್ತ ಸರಿದು ಎರಡೂ ಕಡೆಗೆ ಸಮನಾದ ಎಳೆತ ಕೊಡುತ್ತದೆ. ಇದರಲ್ಲಿ ಒಂದು ಬದಿಯ ನಟ್ ಬಿಗಿ ಮಾಡಿದರೆ ಎರಡೂ ಬದಿ ಬಿಗಿಯಾಗುತ್ತದೆ. ಎಡ ಬಲದ ವ್ಯತ್ಯಾಸವನ್ನು ಇಲ್ಲಿ ಕೇಬಲ್ಲಿನಿಂದ ಸರಿಪಡಿಸಲು ಸಾಧ್ಯವೇ ಇಲ್ಲ. ರಾಟೆ ತುಕ್ಕು ಹಿಡಿದು ನಿಂತಿದ್ದರೆ ಮಾತ್ರ ಎಳೆತ ಏರುಪೇರಾಗುತ್ತದೆ. ಇನ್ನೊಂದು ಬಗೆಯಲ್ಲಿ, ಪೆಡಲ್ ತುಳಿದಾಗ ತಿರುಗುವ ಅಡ್ಡ ಶಾಫ್ಟಿನಿಂದ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಕೇಬಲ್ ಹೋಗುತ್ತದೆ. ಇದರಲ್ಲಿ ಉದ್ದ ಒಂದು ಸುತ್ತು ಹೆಚ್ಚು ಕಡಿಮೆಯಾದರೂ ಕಾರು ಒಂದು ಕಡೆ ಎಳೆಯುತ್ತದೆ. ಬಲ ಕೇಬಲ್ ಬಿಗಿ ಮಾಡಿದಾಗ ಬಲ ಡ್ರಮ್ ಮಾತ್ರ ಬಿಸಿಯಾಗಿದೆ ಎಂದರೆ ನಿಮ್ಮದು ಎರಡನೆಯ ಬಗೆ ಇರಬೇಕು, ಇಲ್ಲವೇ ಮೊದಲನೆಯದರ ರಾಟೆ ಸಿಕ್ಕಿಕೊಂಡಿದೆ. ರಾಟೆಯಿದ್ದರೆ ಕೇಬಲ್ ಬಿಚ್ಚಿ ಬೆರಳಲ್ಲಿ ತಿರುಗಿಸಿ ನೋಡಿ. ನಮ್ಮ ಕಡೆಯ ಕೆಂಪು ಮಣ್ಣು ಗ್ರೀಸಿನ ಜೊತೆ ಸೇರಿ ಒಣಗಿದರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ.

ಈಗ ಕಾರು ಎತ್ತುವ ವಿಷಯ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. ಜಾಕನ್ನು ಚಾಸಿಗೆ (ಕಾರಿನ ಕೆಳಚೌಕಟ್ಟಿಗೆ) ಕೊಟ್ಟು ಎತ್ತಿದರೆ ಮುಂದಿನ ಆಕ್ಸಲ್ ಸ್ಪ್ರಿಂಗಿನಿಂದ ಕೆಳಕ್ಕೆ ಜೋತು ಬೀಳುತ್ತದೆ. ಅಡ್ಡ ಶಾಫ್ಟ್ ಚಾಸಿಯಲ್ಲಿದೆ, ಬ್ರೇಕ್ ಲಿವರ್ ಆಕ್ಸಲಿನ ಜೊತೆಗಿದೆ. ಆಕ್ಸಲ್ ಇಳಿದರೆ ಎರಡರ ನಡುವಿನ ದೂರ ಬದಲಾಯಿತು. ಆ ಸ್ಥಿತಿಯಲ್ಲಿ ಎಷ್ಟೇ ನಾಜೂಕಾಗಿ ಅಡ್ಜಸ್ಟ್ ಮಾಡಿದರೂ ಕಾರು ನೆಲಕ್ಕಿಳಿದ ಮೇಲೆ ಅದು ಉಳಿಯುವುದಿಲ್ಲ. ಆದ್ದರಿಂದ ಸ್ಟ್ಯಾಂಡನ್ನು ಆಕ್ಸಲ್ಲಿಗೇ ಕೊಡಿ. ಸೆವೆನ್‌ನಲ್ಲಿ ಮುಂದಿನ ಸ್ಪ್ರಿಂಗ್ ಅಡ್ಡಡ್ಡ ಕೂತಿದೆ. ಅದರ ಎರಡು ತುದಿಯ ಶ್ಯಾಕಲ್ (ಸ್ಪ್ರಿಂಗನ್ನು ಆಕ್ಸಲಿಗೆ ಸೇರಿಸುವ ಕೊಂಡಿ) ಇರುವ ಜಾಗದ ಕೆಳಗೆ ಒಂದೊಂದು ಸ್ಟ್ಯಾಂಡ್ ಬರಲಿ. ಡ್ರೈವರ್ ಸೀಟಿನ ಮೇಲೆ 50 ಕೆ.ಜಿ.ಯ ಅಕ್ಕಿ ಮೂಟೆಯೊಂದನ್ನು ಇಟ್ಟರೆ ಸ್ಪ್ರಿಂಗ್ ರಸ್ತೆಯಲ್ಲಿ ಇರುವ ಮಟ್ಟಕ್ಕೆ ಬರುತ್ತದೆ. ಶೆಡ್ಡಿನ ನೆಲ ಮಣ್ಣಿನದಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಏಕೆಂದರೆ ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟೇ ಈ ಕೆಲಸ ಮಾಡಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ.

ಎರಡೂ ಮುಂದಿನ ಕೇಬಲನ್ನು ಚಕ್ರದ ಕಡೆಯ ಪಿನ್ನಿನಲ್ಲಿ ಬಿಚ್ಚಿ. ಈಗ ಬ್ರೇಕಿಗೂ ಪೆಡಲಿಗೂ ಸಂಬಂಧವಿಲ್ಲ. ಚಕ್ರ ತಿರುಗಿಸಿ. ಈಗಲೂ ಉಜ್ಜುತ್ತಿದ್ದರೆ ತೊಂದರೆ ಡ್ರಮ್ಮಿನ ಒಳಗಿದೆ ಎಂದು ಅಲ್ಲಿಗೇ ಖಾತ್ರಿ. ಲಿವರನ್ನು ಕೈಯಿಂದ ಎಳೆದು ಬಿಡಿ. ಶೂ ಡ್ರಮ್ಮಿಗೆ ತಾಗಿದ್ದು ಕೈಗೆ ಗೊತ್ತಾಗಬೇಕು, ಬಿಟ್ಟ ಕೂಡಲೇ ಸ್ಪ್ರಿಂಗ್ ಅದನ್ನು ಟಕ್ಕೆಂದು ವಾಪಸ್ ಒಯ್ಯಬೇಕು. ನಿಧಾನಕ್ಕೆ ಬಂದರೆ, ಅರ್ಧದಲ್ಲಿ ನಿಂತರೆ ಕ್ಯಾಮ್ ಶಾಫ್ಟ್ ತನ್ನ ಬುಶ್ಶಿನಲ್ಲಿ (ಶಾಫ್ಟ್ ತಿರುಗುವ ಕೊಳವೆಯಲ್ಲಿ) ಬಿಗಿದಿದೆ. ಮಳೆಗಾಲ ಶೆಡ್ಡಿನಲ್ಲಿ ಕಳೆದ ಕಾರಿನಲ್ಲಿ ಇದು ತೀರಾ ಸಾಮಾನ್ಯ. ನಿಮ್ಮ ಕಾರು ಮಳೆಗಾಲದ ನಂತರ ಹೆಚ್ಚು ಎಳೆಯುವುದಕ್ಕೂ ಇದೇ ಕಾರಣವಿರಬಹುದು.

ಡ್ರಮ್ ತೆಗೆಯಿರಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬಾಯಲ್ಲಿ ಊದಬೇಡಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಣ ಬ್ರಷ್ಷೂ ಬೇಡ. ಸೋಪು ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಬಿಡಿ. ಶೂ ಬಿಚ್ಚುವ ಮೊದಲು ಯಾವುದು ಎಲ್ಲಿತ್ತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಲೈನಿಂಗನ್ನು ಬಿಸಿಲಿಗೆ ಹಿಡಿದು ನೋಡಿ. ಒಳ್ಳೆಯ ಲೈನಿಂಗ್ ಮಂಕಾಗಿ, ಬೂದು ಕಂದು ಬಣ್ಣದಲ್ಲಿರುತ್ತದೆ. ಕಪ್ಪಾಗಿ ಕನ್ನಡಿಯ ಹಾಗೆ ಹೊಳೆದರೆ ಕಾದು ಹೊಳಪಾದದ್ದು. ಅದಕ್ಕೆ ಆಳದವರೆಗೆ ಎಣ್ಣೆ ಇಳಿದಿಲ್ಲದಿದ್ದರೆ ಒರಟು ಉಪ್ಪು ಕಾಗದವನ್ನು ನೀರಲ್ಲಿ ಅದ್ದಿ ತಿಕ್ಕಿ, ಹೊಳಪು ಹೋಗುವವರೆಗೆ ಮಾತ್ರ. ಕಪ್ಪು ಜೊತೆಗೆ ಜಿಡ್ಡೂ ಇದ್ದು, ಬೆರಳು ಒತ್ತಿದರೆ ಅಂಟಿದಂತಾದರೆ ಗ್ರೀಸ್ ಕುಡಿದಿದೆ. ಪೆಟ್ರೋಲಿನಲ್ಲಿ ತೊಳೆದರೆ ಮೇಲಿನದು ಹೋಗುತ್ತದೆ, ಎರಡು ಸಲ ಬ್ರೇಕ್ ಬಿಸಿಯಾದಾಗ ಒಳಗಿನದು ಮತ್ತೆ ಮೇಲೆ ಬರುತ್ತದೆ. ಬೆಂಕಿಗೆ ಹಿಡಿದು ಸುಡುವ ಅಭ್ಯಾಸವೂ ಇದೆ, ಅದರಿಂದ ಲೈನಿಂಗ್ ಪುಡಿಯಾಗುವುದಷ್ಟೇ ಲಾಭ, ಕಲ್ನಾರಿನ ಪುಡಿ ಗಾಳಿಗೆ ಸೇರುವುದು ಬೇರೆ. ಗ್ರೀಸ್ ಕುಡಿದ ಲೈನಿಂಗ್ ಬದಲಾಯಿಸಲೇಬೇಕು. ಬದಲಾಯಿಸುವಾಗ ಎಡ ಬಲ ಎರಡಕ್ಕೂ, ನಾಲ್ಕೂ ಶೂಗೆ, ಒಂದೇ ಜಾತಿಯ ಲೈನಿಂಗ್ ಹಾಕಿ. ಒಂದು ಕಡೆ ಹೊಸದು ಇನ್ನೊಂದು ಕಡೆ ಹಳೆಯದು ಹಾಕಿದರೆ ಎಳೆಯುವುದು ನಿಲ್ಲುವುದಿಲ್ಲ, ಬದಿ ಬದಲಾಗುತ್ತದೆ. ಗ್ರೀಸ್ ಎಲ್ಲಿಂದ ಬಂತು ಎಂಬುದನ್ನೂ ಹುಡುಕಿ: ಹಬ್ಬಿನ (ಚಕ್ರದ ನಡುಗುಂಬದ) ಫೆಲ್ಟ್ ಸೀಲ್ ಸವೆದಿರುತ್ತದೆ, ಇಲ್ಲವೇ ಹಬ್ಬಿಗೆ ಗ್ರೀಸ್ ಅತಿಯಾಗಿ ತುಂಬಿರುತ್ತಾರೆ. ಬೇರಿಂಗಿಗೆ ಗ್ರೀಸ್ ಸವರಿ ಹಬ್ಬಿನ ಒಳಜಾಗದ ಮೂರನೇ ಒಂದು ಭಾಗ ತುಂಬಿದರೆ ಸಾಕು.

ರಿವೆಟ್ ತಲೆಯ ಮೇಲೆ ಲೈನಿಂಗ್ 1 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೂ ಬದಲಾಯಿಸುವ ಸಮಯ. ಹೊಸ ಲೈನಿಂಗಿಗೆ ರಿವೆಟ್ ಹೊಡೆಯುವಾಗ ಮಧ್ಯದಿಂದ ಶುರು ಮಾಡಿ ತುದಿಗಳ ಕಡೆಗೆ ಹೋಗಬೇಕು. ತುದಿಯಿಂದ ಶುರುವಾದರೆ ನಡುವೆ ಉಬ್ಬು ನಿಲ್ಲುತ್ತದೆ, ಆ ಉಬ್ಬೇ ಬ್ರೇಕನ್ನು ಮೆತ್ತಗಾಗಿಸುತ್ತದೆ. ಎರಡೂ ತುದಿಯನ್ನು ಫೈಲಿನಿಂದ ಸ್ವಲ್ಪ ಇಳಿಜಾರು ಮಾಡಿ, ಇಲ್ಲದಿದ್ದರೆ ಕಚ್ಚಿ ಹಿಡಿಯುತ್ತದೆ. ಆಮೇಲೆ ಡ್ರಮ್ಮಿನ ಒಳಗೋಡೆಗೆ ಸೀಮೆಸುಣ್ಣ ಬಳಿದು, ಡ್ರಮ್ ಹಾಕಿ, ಲಿವರ್ ಎಳೆದುಕೊಂಡು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಚ್ಚಿ. ಲೈನಿಂಗಿನ ಮೇಲೆ ಸುಣ್ಣ ಎಲ್ಲಿ ಹತ್ತಿದೆಯೋ ಅಲ್ಲಷ್ಟೇ ಅದು ತಾಗುತ್ತಿದೆ. ಬರೀ ಎರಡು ತುದಿಗೆ ಹತ್ತಿದ್ದರೆ, ಅಥವಾ ನಡುವೆ ಎರಡು ಬೆರಳಗಲ ಮಾತ್ರ ಹತ್ತಿದ್ದರೆ ಎತ್ತರವಿದ್ದಲ್ಲಿ ಫೈಲಿನಿಂದ ತೆಗೆದು ಮತ್ತೆ ನೋಡಿ. ಮುಕ್ಕಾಲು ಭಾಗ ಬಿಳಿಯಾಗುವವರೆಗೆ ನಾಲ್ಕೈದು ಸಲ ಮಾಡಬೇಕಾಗುತ್ತದೆ. ಬೇಸರದ ಕೆಲಸ, ಆದರೆ ಈ ಇಡೀ ರಿಪೇರಿಯಲ್ಲಿ ಹೆಚ್ಚು ಫಲ ಕೊಡುವುದು ಇದೇ.

ಡ್ರಮ್ಮಿನ ಒಳವ್ಯಾಸವನ್ನು ನಾಲ್ಕು ಕಡೆ ಅಳೆಯಿರಿ. 0.15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಡ್ರಮ್ ಅಂಡಾಕಾರವಾಗಿದೆ. ಬ್ರೇಕ್ ತುಳಿದಾಗ ಪೆಡಲ್ ಕಾಲಿನ ಕೆಳಗೆ ಮಿಡಿಯುತ್ತಿದ್ದರೆ ಅದು ಇದರದೇ ಲಕ್ಷಣ. ಶಿವಮೊಗ್ಗದ ಲೇತ್ ಅಂಗಡಿಗಳಲ್ಲಿ ಇದನ್ನು ತಿರುಗಿಸಿ ಸರಿ ಮಾಡಿಕೊಡುತ್ತಾರೆ. ಡ್ರಮ್ಮನ್ನು ಹಬ್ಬಿನ ಸಮೇತ ಒಯ್ಯಿರಿ, ಬರೀ ಡ್ರಮ್ ಹಿಡಿದರೆ ನಡು ತಪ್ಪುತ್ತದೆ. ಎಷ್ಟು ಕಡಿಮೆ ತೆಗೆದರೆ ಸಮವಾಗುತ್ತದೋ ಅಷ್ಟೇ ತೆಗೆಯಲು ಹೇಳಿ. ಇವು ತೆಳ್ಳಗಿನ ಡ್ರಮ್ಮುಗಳು.

ಕ್ಯಾಮ್ ಶಾಫ್ಟನ್ನು ಹೊರತೆಗೆದು ತುಕ್ಕು ಉಜ್ಜಿ, ಬುಶ್ಶಿನಲ್ಲಿ ಬೆರಳಿಂದ ತಿರುಗುವಂತೆ ಮಾಡಿ. ಬಿಸಿ ತಡೆಯುವ ಗ್ರೀಸನ್ನು ಕ್ಯಾಮಿಗೆ, ಶೂ ತಿರುಗುವ ಪಿನ್ನಿಗೆ, ಶೂ ಅಂಚು ಬ್ಯಾಕ್ ಪ್ಲೇಟಿಗೆ (ಶೂಗಳನ್ನು ಹೊತ್ತ ಹಿಂದಿನ ತಟ್ಟೆಗೆ) ಉಜ್ಜುವ ಜಾಗಕ್ಕೆ ಹಚ್ಚಿ. ತೆಳುವಾಗಿ, ಬೆರಳಿನ ಗುರುತು ಕಾಣುವಷ್ಟು. ಹೆಚ್ಚಾದದ್ದು ಲೈನಿಂಗಿಗೇ ಹೋಗುತ್ತದೆ.

ಲಿವರ್ ನಿಲ್ಲುವ ಕೋನ ಇನ್ನು ಮುಂದಿನದು. ಬ್ರೇಕ್ ಪೂರ್ತಿ ಹಿಡಿದಾಗ ಲಿವರೂ ಕೇಬಲ್ಲೂ ಒಂದಕ್ಕೊಂದು ಲಂಬವಾಗಿರಬೇಕು, ಮೂಲೆಮಟ್ಟ ಇಟ್ಟರೆ ಕೂರುವ ಹಾಗೆ. ಬಿಟ್ಟಾಗ ಅದು ಕೊಂಚ ಮುಂದಕ್ಕೆ ವಾಲಿರಲಿ. ಲೈನಿಂಗ್ ಸವೆದಂತೆ ಕೇಬಲ್ಲನ್ನೇ ಬಿಗಿ ಮಾಡುತ್ತ ಹೋದರೆ ಲಿವರ್ ಲಂಬವನ್ನು ದಾಟಿ ಹಿಂದಕ್ಕೆ ಬಾಗುತ್ತದೆ. 40 ಡಿಗ್ರಿ ದಾಟಿದರೆ ಕಾಲು ಒತ್ತುವ ಬಲದಲ್ಲಿ ಸುಮಾರು ಕಾಲು ಭಾಗ ವ್ಯರ್ಥ. ಇನ್ನೂ ಮುಂದೆ ಹೋದರೆ ಕ್ಯಾಮ್ ಮಗುಚಿ ಶೂ ವಾಪಸ್ ಬರದೇ ನಿಲ್ಲಬಹುದು. ಎಡ ಬಲ ಲಿವರ್‌ಗಳ ಕೋನ ಬೇರೆ ಬೇರೆಯಿದ್ದರಂತೂ ಒಂದೇ ಎಳೆತಕ್ಕೆ ಎರಡು ಬಗೆಯ ಬಲ. ನಿಮ್ಮಲ್ಲಿ ಬಲ ಲಿವರ್ ಎಡದ್ದಕ್ಕಿಂತ ಹಿಂದಕ್ಕಿದೆಯೇ ನೋಡಿ. ಇದ್ದರೆ ಆ ಬದಿಯ ಲೈನಿಂಗ್, ಕ್ಯಾಮ್ ಅಥವಾ ಡ್ರಮ್ ಸವೆದಿದೆ. ಅಲ್ಲೇ ಸರಿಪಡಿಸಬೇಕು.

ಚಕ್ರದಲ್ಲೇ ಅಡ್ಜಸ್ಟರ್ ಇರುವ ಕಾರಿನವರಿಗೆ ಒಂದು ಮಾತು. ಬೆಂಡಿಕ್ಸ್ ಕೇಬಲ್ ಬ್ರೇಕಿನಲ್ಲಿ ಹಲ್ಲಿನ ಚಕ್ರ ಇರುತ್ತದೆ, ಗರ್ಲಿಂಗ್ ಬಗೆಯದರಲ್ಲಿ ಬ್ಯಾಕ್ ಪ್ಲೇಟಿನ ಹಿಂದೆ ಚೌಕ ತಲೆಯ ಬೋಲ್ಟ್. ಇವುಗಳಲ್ಲಿ ಕೇಬಲ್ ಬಿಚ್ಚಿಟ್ಟು, ಚಕ್ರ ಬಿಗಿಯುವವರೆಗೆ ಅಡ್ಜಸ್ಟರ್ ಮುಂದಕ್ಕೆ ತಿರುಗಿಸಿ, ಉಜ್ಜುವ ಸದ್ದು ನಿಲ್ಲುವಷ್ಟು ಹಿಂದಕ್ಕೆ ಬಿಡಬೇಕು. ಲೈನಿಂಗ್ ಸವೆತವನ್ನು ಅಲ್ಲಿ ಯಾವತ್ತೂ ಕೇಬಲ್ಲಿನಿಂದ ತುಂಬಬಾರದು. ನಿಮ್ಮ ಸೆವೆನ್‌ನಲ್ಲಿ ಅಂಥದ್ದೇನೂ ಇಲ್ಲದಿರುವುದರಿಂದ ಲೈನಿಂಗಿನ ದಪ್ಪವೇ ಅಡ್ಜಸ್ಟರ್.

ಕೇಬಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯಲ್ಲಿ ಹಿಡಿದು ಉದ್ದಕ್ಕೂ ಎಳೆಯಿರಿ. ಒಂದು ಎಳೆ ತುಂಡಾಗಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಆ ಕೇಬಲ್ ಹೊರಗೆ. ತುದಿಯ ಗುಂಡಿನ ಹತ್ತಿರ, ರಾಟೆ ತಿರುವುವ ಜಾಗದಲ್ಲಿ ಹೆಚ್ಚು ಗಮನ ಕೊಡಿ. ಬೈಕಿನ ಕ್ಲಚ್ ಕೇಬಲ್ ಹಾಕಿ ಕೆಲಸ ಸಾಗಿಸುವುದು ಬೇಡವೇ ಬೇಡ, ಅದು ಈ ಭಾರಕ್ಕೆ ಆದದ್ದಲ್ಲ. ರಾಟೆಯ ಮೇಲೆ ಹೋಗುವುದಕ್ಕೆ ಸಣ್ಣ ಎಳೆಗಳ, ಬಾಗುವ ಜಾತಿಯ ಸ್ಟೀಲ್ ಹಗ್ಗ ಬೇಕು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಉಗುರಿನಿಂದ ಸವರಿ. ಮೆಟ್ಟಿಲು ಸಿಕ್ಕಿದರೆ ಹೊಸ ಪಿನ್ ಹಾಕಿ. ತೂತು ಉದ್ದವಾಗಿದ್ದರೆ ಬುಶ್ ಕೂರಿಸಬೇಕು. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದು.

ಈಗ ಕೇಬಲ್ ಉದ್ದ. ಪೆಡಲ್ ಪೂರ್ತಿ ಮೇಲಿರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ, ಅಡ್ಡ ಶಾಫ್ಟ್ ತನ್ನ ತಡೆಗೆ ಬಂದು ತಾಗಿರಲಿ. ಅದು ತಡೆಯವರೆಗೆ ಬರದಿದ್ದರೆ ಶಾಫ್ಟಿನ ಬುಶ್ಶಿಗೆ ಎಣ್ಣೆ ಬಿಟ್ಟು ಮೊದಲು ಅದನ್ನು ಸಡಿಲಿಸಿ, ಇಲ್ಲಿ ತಪ್ಪಿದರೆ ಮುಂದಿನ ಅಳತೆಯೆಲ್ಲ ಸುಳ್ಳು. ಲಾಕ್ ನಟ್ ಬಿಟ್ಟು, ಕೇಬಲ್ ತುದಿಯ ಫೋರ್ಕ್ ತಿರುಗಿಸಿ. ಕೇಬಲ್ ಜೋತು ಬೀಳದೆ, ಲಿವರನ್ನೂ ಎಳೆಯದೆ, ಪಿನ್ ಬೆರಳಿಂದಲೇ ಜಾರಿ ಒಳಹೋಗುವಂತೆ ತೂತುಗಳು ಎದುರಾಗಬೇಕು. ಅಲ್ಲಿಂದ ಅರ್ಧ ಸುತ್ತು ಸಡಿಲ ಕೊಡಿ. ಕಾಲಿಂಚಿನ ಬಿಎಸ್‌ಎಫ್ ಮರೆಯಲ್ಲಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಅಳತೆಯ ತಿರುಪು ಸುರುಳಿಯಲ್ಲಿ) ಇಂಚಿಗೆ 26, ಐದು ಹದಿನಾರನೇ ಇಂಚಿನದರಲ್ಲಿ 22 ಸುತ್ತು. ಅಂದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 1 ಮಿ.ಮೀ. ಈ ಲೆಕ್ಕ ನೆನಪಿದ್ದರೆ ಎಡಕ್ಕೆ ಎಷ್ಟು ಬಲಕ್ಕೆ ಎಷ್ಟು ಕೊಟ್ಟಿರಿ ಎಂದು ಬರೆದಿಡಬಹುದು. ಪೆಡಲಿನಲ್ಲಿ 12ರಿಂದ 20 ಮಿ.ಮೀ. ಖಾಲಿ ನಡೆ ಸಿಗಬೇಕು. ಫೋರ್ಕಿನೊಳಗೆ ಮರೆ ಕನಿಷ್ಠ ತನ್ನ ದಪ್ಪದಷ್ಟಾದರೂ ಕೂತಿರಬೇಕು, ಕೊನೆಯ ಮೂರು ಸುತ್ತಿನಲ್ಲಿ ನೇತಾಡಬಾರದು.

ಪಿನ್ ಹಾಕಿದ ಮೇಲೆ ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಎರಡು ಕಡೆಯೂ ಚಕ್ರ ಸುತ್ತಿಸಿ ನೋಡಿ. ಸ್ಟಿಯರಿಂಗಿಗೆ ಚಕ್ರ ಹೊರಳಿದಾಗ ಬ್ಯಾಕ್ ಪ್ಲೇಟೂ ಜೊತೆಗೆ ಹೊರಳುತ್ತದೆ. ಕೇಬಲ್ ತುದಿಯ ಪಿನ್ ಕಿಂಗ್ ಪಿನ್ನಿನ (ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕೀಲಿನ) ನೇರಕ್ಕಿದ್ದರೆ ಕೇಬಲ್ ಉದ್ದ ಬದಲಾಗದು. ಲಿವರ್ ಬಗ್ಗಿದ್ದರೆ, ಕಿಂಗ್ ಪಿನ್ ಆಡುತ್ತಿದ್ದರೆ ಸ್ಟಿಯರಿಂಗ್ ಒಂದು ಕಡೆ ಪೂರ್ತಿ ತಿರುಗಿದಾಗ ಬ್ರೇಕ್ ತಾನಾಗಿ ಹಿಡಿಯುತ್ತದೆ. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಹೇರ್‌ಪಿನ್ ತಿರುವಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ, ಸೆವೆನ್‌ನಂಥ ಹಗುರ ಕಾರಿನಲ್ಲಿ ಬಹಳ ಮುಖ್ಯವಾದದ್ದು. ಬ್ರೇಕ್ ಹಿಡಿದಾಗ ತಿರುಗುವ ಡ್ರಮ್ ಬ್ಯಾಕ್ ಪ್ಲೇಟನ್ನೂ, ಅದರೊಡನೆ ಆಕ್ಸಲನ್ನೂ ತಿರುಚಲು ನೋಡುತ್ತದೆ. ಆಕ್ಸಲಿನ ಮೇಲ್ಭಾಗ ಮುಂದಕ್ಕೆ, ಕೆಳಭಾಗ ಹಿಂದಕ್ಕೆ. ಇದನ್ನು ತಡೆಯಲು ಎರಡು ರೇಡಿಯಸ್ ಆರ್ಮುಗಳಿವೆ. ಅವು ಹಿಂದೆ ಚಾಸಿಯ ಅಡ್ಡಪಟ್ಟಿಯಲ್ಲಿ ಒಂದು ಗುಂಡಿನ ಕೀಲಿಗೆ ಸೇರುತ್ತವೆ. ಆ ಕೀಲು ಸವೆದಿದ್ದರೆ ಆಕ್ಸಲ್ ಹೊರಳುತ್ತದೆ. ಕೇಬಲ್ ತುದಿ ಆಕ್ಸಲಿಗಿಂತ ಮೇಲಿದ್ದರೆ ಹೊರಳಿದಂತೆ ಕೇಬಲ್ ಇನ್ನೂ ಬಿಗಿಯಾಗಿ ಬ್ರೇಕ್ ಒಮ್ಮೆಲೇ ಕಚ್ಚುತ್ತದೆ. ಕೆಳಗಿದ್ದರೆ ಕೇಬಲ್ ಸಡಿಲವಾಗಿ ಬ್ರೇಕ್ ಕೈ ಕೊಡುತ್ತದೆ. ಕಾರನ್ನು ನೆಲಕ್ಕಿಳಿಸಿ, ಒಬ್ಬರು ಬ್ರೇಕ್ ತುಳಿದು ಕೂರಲಿ, ಇಬ್ಬರು ಕಾರನ್ನು ಹಿಂದೆ ಮುಂದೆ ನೂಕಲಿ, ನೀವು ಲಿವರಿನ ತುದಿಯನ್ನೂ ಗುಂಡಿನ ಕೀಲನ್ನೂ ನೋಡಿ. ತುದಿ 2–3 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಕೀಲು, ಸ್ಪ್ರಿಂಗಿನ ಶ್ಯಾಕಲ್, ಯು ಬೋಲ್ಟ್ ಮೂರನ್ನೂ ಸರಿಪಡಿಸಿ ಮತ್ತೆ ಅಡ್ಜಸ್ಟಿಗೆ ಬನ್ನಿ.

ಎಡ ಬಲ ಸಮನಾಗಿದೆಯೇ ಎಂದು ಅಂದಾಜಿನಲ್ಲಿ ಹೇಳುವುದಕ್ಕಿಂತ ತೂಗಿ ಹೇಳುವುದು ಒಳ್ಳೆಯದು. ಪೆಡಲನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಕಾಲಿಗಿಂತ ಅಡಿಕೆ ದಬ್ಬೆಯ ತುಂಡು ನಂಬಿಕಸ್ತ. ಸೀಟಿನ ಚೌಕಟ್ಟಿಗೂ ಪೆಡಲಿಗೂ ನಡುವೆ ಕೂರುವಷ್ಟು ಉದ್ದ ಕತ್ತರಿಸಿ, ಪೆಡಲ್ 25 ಮಿ.ಮೀ. ಇಳಿದು ನಿಲ್ಲಲು ಒಂದು ಕಚ್ಚು, 50 ಮಿ.ಮೀ.ಗೆ ಇನ್ನೊಂದು ಕಚ್ಚು ಮಾಡಿ. ಮತ್ತೆ ಆಕ್ಸಲನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಮೂಟೆ ಸೀಟಿನ ಮೇಲಿರಲಿ. ಮೊದಲ ಕಚ್ಚಿನಲ್ಲಿ ಎರಡೂ ಚಕ್ರ ಸಣ್ಣಗೆ ಉಜ್ಜಲು ಶುರುವಾಗಬೇಕು. ಎರಡನೆಯ ಕಚ್ಚಿಗೆ ಹಾಕಿ, ಟೈರಿನ ಸುತ್ತ ಹಗ್ಗ ಸುತ್ತಿ, ಅದರ ತುದಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ಚಕ್ರ ಕದಲುವ ಕ್ಷಣ ಮುಳ್ಳು ಎಲ್ಲಿತ್ತು ಎಂದು ಬರೆದುಕೊಳ್ಳಿ. ಪ್ರತಿ ಚಕ್ರಕ್ಕೆ ಮೂರು ಸಲ. ಎಡ 20 ಕೆ.ಜಿ., ಬಲ 18 ಬಂದರೆ ಸರಿ. ಎಡ 20, ಬಲ 13 ಬಂದರೆ ಇನ್ನೂ ಕೆಲಸವಿದೆ. ಬೇರೆ ಬೇರೆ ಕೇಬಲ್ ಇರುವ ಕಾರಿನಲ್ಲಿ ದುರ್ಬಲ ಬದಿಯನ್ನು ಬಿಗಿ ಮಾಡುವ ಬದಲು ಬಲವಾದ ಬದಿಯನ್ನು ಅರ್ಧ ಸುತ್ತು ಬಿಟ್ಟು ಮತ್ತೆ ತೂಗಿ. ಒಂದೂವರೆ ಸುತ್ತು ಬಿಟ್ಟರೂ ಸಮನಾಗದಿದ್ದರೆ ಡ್ರಮ್ ಮತ್ತೆ ಬಿಚ್ಚಬೇಕು. ರಾಟೆಯ ಬಗೆಯದಾದರೆ ನೇರ ಡ್ರಮ್ಮಿಗೇ ಹೋಗಿ.

ಹಿಂದಿನ ಚಕ್ರಗಳನ್ನೂ ಹೀಗೆಯೇ ತೂಗಿ ಎಡ ಬಲ ಸಮ ಮಾಡಿ. ನಾಲ್ಕೂ ಒಂದೇ ಪೆಡಲಿಗೆ ಸೇರಿರುವ ಕಾರಿನಲ್ಲಿ ಹಿಂದಿನವು ಕೂದಲೆಳೆಯಷ್ಟು ಮೊದಲು ತಾಗಲಿ, ಮುಂದಿನವು ಅದರ ಹಿಂದೆಯೇ ಬರಲಿ. ನಮ್ಮ ರಸ್ತೆಗಳಲ್ಲಿ ಮಳೆಗೆ ಪಾಚಿ ಕಟ್ಟಿರುತ್ತದೆ, ಮುಂದಿನ ಚಕ್ರ ಮೊದಲು ಲಾಕ್ ಆದರೆ ಸ್ಟಿಯರಿಂಗ್ ಇದ್ದೂ ಇಲ್ಲದ ಹಾಗೆ. ಕಾರಿನ ಕೈಪಿಡಿ ನಿಮ್ಮಲ್ಲಿದ್ದು ಅದು ಬೇರೆ ಹೇಳಿದ್ದರೆ ಕೈಪಿಡಿಯ ಮಾತೇ ಅಂತಿಮ.

ರಸ್ತೆಗೆ ಹೋಗುವ ಮುಂಚೆ ಎರಡೂ ಮುಂದಿನ ಟೈರಿನ ಗಾಳಿ ಒಂದೇ ಇದೆಯೇ ನೋಡಿ. ಇದೊಂದರಿಂದಲೇ ಕಾರು ಎಳೆಯುವುದುಂಟು. ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗದಿಂದ, ಆಮೇಲೆ 30ರಿಂದ ಮೆತ್ತಗೆ ನಿಲ್ಲಿಸಿ. ಹತ್ತು ಸಲ ಹೀಗೆ ಮಾಡಿ ಕೆಳಗಿಳಿದು ಕೈಯ ಹಿಂಬದಿಯನ್ನು ಡ್ರಮ್ಮಿನ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಎಡ ಬಲ ಒಂದೇ ಬಿಸಿ ಇರಬೇಕು. ಆಮೇಲೆ ಬ್ರೇಕ್ ಮುಟ್ಟದೆ ಐದು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಆಗ ಎರಡೂ ತಣ್ಣಗಿರಬೇಕು. ಹೊಸ ಕೇಬಲ್ ಮೊದಲ ನೂರು ಕಿಲೋಮೀಟರಿನಲ್ಲಿ ಹಿಗ್ಗುತ್ತದೆ, ಹೊಸ ಲೈನಿಂಗೂ ಕೂರುತ್ತದೆ. ಅಷ್ಟು ಓಡಿದ ಮೇಲೆ ತಕ್ಕಡಿ ಹಾಕಿ ಇನ್ನೊಮ್ಮೆ ಅಳೆಯಿರಿ.

ಮಳೆಗಾಲಕ್ಕೆ ಶೆಡ್ಡಿಗೆ ಸೇರಿಸುವಾಗ ಹ್ಯಾಂಡ್ ಬ್ರೇಕ್ ಹಾಕಿ ಬಿಡಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಿಚ್ಚಿ ಕಾಣುವ ಕೇಬಲ್ಲಿಗೆ ಗ್ರ್ಯಾಫೈಟ್ ಗ್ರೀಸ್ ಸವರಿ, ಹದಿನೈದು ದಿನಕ್ಕೊಮ್ಮೆ ಪೆಡಲನ್ನು ಇಪ್ಪತ್ತು ಸಲ ತುಳಿದು ಬಿಡಿ. ಕ್ಯಾಮ್ ಬಿಗಿಯದಿರಲು ಅಷ್ಟು ಸಾಕು. ಮಳೆಯಲ್ಲಿ ಓಡಿಸಿದ ದಿನ ಮನೆ ಸೇರುವ ಮುಂಚಿನ ಅರ್ಧ ಕಿಲೋಮೀಟರ್ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಬಂದರೆ ಒಳಗಿನ ನೀರು ಆರುತ್ತದೆ.

ಆಗುಂಬೆಯ ವಿಷಯ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಇಳಿಜಾರಿನಲ್ಲಿ ನಿಮ್ಮ ಪೆಡಲ್ ಕೆಳಗೆ ಹೋಗುವುದಕ್ಕೆ ಬಿಸಿಯೂ ಒಂದು ಕಾರಣ. 178 ಮಿ.ಮೀ.ನ ಡ್ರಮ್ 200 ಡಿಗ್ರಿ ಹೆಚ್ಚು ಕಾದರೆ ವ್ಯಾಸದಲ್ಲಿ ಸುಮಾರು 0.4 ಮಿ.ಮೀ. ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಕೇಬಲ್ಲಿಗೆ 5 ಮಿ.ಮೀ. ನಷ್ಟ, ಪೆಡಲಿನಲ್ಲಿ ಅದಕ್ಕಿಂತ ಹೆಚ್ಚು. ಅದನ್ನು ನೋಡಿ ಘಾಟಿಯ ನಡುವೆ ಕೇಬಲ್ ಬಿಗಿ ಮಾಡಿದರೆ ಡ್ರಮ್ ತಣಿದಾಗ ಚಕ್ರವೇ ಬಿಗಿದು ನಿಲ್ಲುತ್ತದೆ. ಮೇಲೆ ಘಾಟಿ ಶುರುವಾಗುವ ಮೊದಲೇ ನಿಲ್ಲಿಸಿ ಸ್ಪ್ಲಿಟ್ ಪಿನ್‌ಗಳನ್ನೂ ಲಾಕ್ ನಟ್‌ಗಳನ್ನೂ ಒಮ್ಮೆ ಕಣ್ಣಾಡಿಸಿ, ಸೆಕೆಂಡ್ ಗೇರಿಗೆ ಹಾಕಿಕೊಂಡೇ ಹೊರಡಿ. ಗೇರ್ ತಪ್ಪಿಸಿ ನ್ಯೂಟ್ರಲ್‌ನಲ್ಲಿ ಇಳಿಸುವುದು ಈ ಕಾರಿನಲ್ಲಿ ಪ್ರಾಣಾಪಾಯ. ಬ್ರೇಕನ್ನು ಸದಾ ಒತ್ತಿಕೊಂಡಿರದೆ, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ತುಳಿದು ಪೂರ್ತಿ ಬಿಡಿ. ಪೆಡಲ್ ಅರ್ಧಕ್ಕಿಂತ ಕೆಳಗಿಳಿದದ್ದು ಕಾಲಿಗೆ ಗೊತ್ತಾದ ಕೂಡಲೇ ಅಗಲ ಜಾಗ ನೋಡಿ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಅರ್ಧ ಗಂಟೆ ಆರಲು ಬಿಡಿ. ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ.